ಮರ್ಜಿ: ‘ದೇವರ ಮರ್ಜಿ’ ಅನ್ನುವ ಮುಂಚೆ

ಮಗನನ್ನು ಕಳಕೊಂಡ ತಾಯಿಯೊಬ್ಬಳನ್ನು ಮಾತಾಡಿಸಿ ಬರಲು ಮೊನ್ನೆ ಆಳಂದ ಕಡೆ ಹೋಗಿದ್ದೆ. “ಇಷ್ಟ್ ಪ್ರಾರ್ಥನಾ ಮಾಡ್ದೆ, ದೇವ್ರು ಒಂದ್ ಮಾತ್ ಆಡ್ಲಿಲ್ಲ” ಅಂದಳು. ಪಕ್ಕದಲ್ಲಿದ್ದ ಹಿರಿಯರು ತಡ ಮಾಡಲಿಲ್ಲ: “ದೇವ್ರ ಮರ್ಜಿ ಅದ ಯವ್ವಾ, ಏನ್ ಮಾಡ್ಲಾಕ ಬರ್ತದ.” ಆಕೆ ಸೆರಗು ಬಾಯಿಗೆ ಹಿಡಿದು ಸುಮ್ಮನಾದಳು. ನಮ್ಮ ಕ್ರೈಸ್ತ ಸಭೆಯವರ ಬಾಯಲ್ಲಿ ಈ ಮಾತನ್ನು ಹೀಗೆ ಎಷ್ಟು ಸಲ ಕೇಳಿದ್ದೇನೋ. ಸಾಕಾಗಿದೆ.

ನಮ್ಮ ಕಡೆ ಮರ್ಜಿ ಅಂದರೆ ಮೊದಲು ನೆನಪಾಗುವುದು ಕಚೇರಿ. “ಸಾಹೇಬ್ರ ಮರ್ಜಿ ಹೆಂಗದ ನೋಡಿ ಒಳಗ ಹೋಗು” ಅನ್ನುತ್ತೇವೆ. ಇವತ್ತು ಸಹಿ ಹಾಕಬಹುದು, ನಾಳೆ ಅದೇ ಅರ್ಜಿ ಎಸೆಯಬಹುದು, ಕಾರಣ ಕೇಳುವಂತಿಲ್ಲ. ಈ ಅರ್ಥವನ್ನೇ ಎತ್ತಿ ದೇವರಿಗೂ ಹಚ್ಚುತ್ತೇವೆ. ಆಗ ಆತನ ಮೌನವೂ ಬಾಗಿಲು ಹಾಕಿಕೊಂಡು ಕೂತ ಸಾಹೇಬನ ಮೌನದಂತೆ ಕಾಣುತ್ತದೆ.

ಪದದ ಹುಟ್ಟು ಬೇರೆಯೇ ಇದೆ. 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆ ನಮ್ಮದು. ಉರ್ದುವಿನ ಎಷ್ಟೋ ಮಾತು ಇಲ್ಲಿ ಮನೆಮಾತು. ಮರ್ಜಿಯ ಬೇರು ಅರಬ್ಬಿಯದು, ಮೆಚ್ಚು, ಒಪ್ಪು, ತೃಪ್ತಿಪಡು ಎಂಬ ಅರ್ಥದ್ದು. ಜಗಳ ಮುಗಿಸುವ ರಾಜಿ ಅದೇ ಬೇರಿನದು. ಒಪ್ಪಿಗೆಯ ಪತ್ರವಾಗಿದ್ದ ರಾಜೀನಾಮೆ ಈಗ ಕೆಲಸ ಬಿಡುವ ಪತ್ರವಾಗಿದೆ. ಶಾಲೆಮಕ್ಕಳ ರಜೆಯೂ ಮೂಲದಲ್ಲಿ ‘ಒಪ್ಪಿಗೆ’ಯೇ, ಹೋಗಲು ಸಿಕ್ಕ ಅನುಮತಿ. ಇಷ್ಟು ದೊಡ್ಡ ಬಳಗದಲ್ಲಿ ಲಹರಿಗೆ, ಮೊಂಡುತನಕ್ಕೆ ಜಾಗವೇ ಇರಲಿಲ್ಲ. ಅದು ಕಚೇರಿಗಳ ಮುಂದೆ ಕಾದು ಕಾದು ನಾವೇ ತುಂಬಿದ ಅರ್ಥ.

ಮರ್ಜಿಯ ಜಾಗದಲ್ಲಿ ನಮ್ಮ ಕನ್ನಡ ಬೈಬಲಿನಲ್ಲಿರುವುದು ‘ಚಿತ್ತ’. ಸಂಸ್ಕೃತದಲ್ಲಿ ಅದರ ಧಾತುವಿಗೆ ಅರಿ, ಗಮನಿಸು ಎಂಬ ಅರ್ಥ. ಹಳೆಯ ಕಾವ್ಯಗಳ ‘ಚಿತ್ತೈಸು’ ಅಂದರೆ ಮನಸ್ಸಿಟ್ಟು ಕೇಳು. ದೇವರ ಚಿತ್ತ ಅನ್ನುವಾಗ ಆತನ ಗಮನವೂ ಅದರೊಳಗೇ ಇದೆ. ಬೋಧಕರು ಹೇಳುವ ದೇವರ ‘ಸಾರ್ವಭೌಮತ್ವ’ದಲ್ಲಿ ಎಲ್ಲ ಭೂಮಿಗೂ ಒಡೆಯ ಎಂಬುದು ಬಂತು, ಈ ಗಮನ ಬರಲಿಲ್ಲ.

ಇನ್ನೊಂದು ತಪ್ಪು ವ್ಯಾಕರಣದ್ದು, ನನಗೆ ಹೆಚ್ಚು ನೋವು ಕೊಡುವುದು ಅದೇ. ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿರುವುದು ‘ನಿನ್ನ ಚಿತ್ತ’. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಅದನ್ನೇ ಅಂದ, ಅದೂ ಈ ನೋವಿನ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬೇಡಿಕೊಂಡ ಮೇಲೆ. ಮೂರು ಸಲ ಪ್ರಾರ್ಥಿಸಿದ. ನೋವು ಉಣ್ಣುವವನೇ ದೇವರ ಮುಖ ನೋಡಿ ಆಡಿದ ಮಾತು ಅದು. ಅದನ್ನು ‘ದೇವರ ಮರ್ಜಿ’ ಮಾಡಿ, ಪಕ್ಕದಲ್ಲಿ ಕೂತವರು ಅಳುವವಳಿಗೆ ಹೇಳಿದರೆ ಪ್ರಾರ್ಥನೆ ಹೋಗಿ ತೀರ್ಪು ಉಳಿಯುತ್ತದೆ.

ಬೈಬಲಿನಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳಕೊಂಡ ಯೋಬನ ಗೆಳೆಯರು ಮಾಡಿದ್ದೂ ಇದನ್ನೇ. ಮೊದಲ ಏಳು ದಿನ ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕೂತರು, ಅಷ್ಟು ಚೆನ್ನಾಗಿತ್ತು. ಆಮೇಲೆ ದೇವರ ಪರವಾಗಿ ವಾದಕ್ಕಿಳಿದರು. ಯೋಬ ಮಾತ್ರ ದೂರುತ್ತ, ರೇಗುತ್ತ, ದೇವರನ್ನೇ ಕರೆಯುತ್ತ ಹೋದ. ದೇವರು ಅವನಿಗೆ ಮಾತಾಡಿದ್ದು ಯೋಬನ ಪುಸ್ತಕದ 38ನೇ ಅಧ್ಯಾಯದಲ್ಲಿ. ಆಗಲೂ ಕಾರಣ ಹೇಳಲಿಲ್ಲ. ಆದರೆ ಕೊನೆಗೆ, ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಎಂದು ಆ ಗೆಳೆಯರಿಗೇ ಹೇಳಿದ. ದೇವರು ಸುಮ್ಮನಿದ್ದಾಗ ಆತನ ಒಡೆತನವನ್ನು ನಂಬುವುದು ಅಂದರೆ ನಾನು ಯೋಬನ ಆ ಹಟವನ್ನೇ ನೆನೆಯುತ್ತೇನೆ.

ಈ ಭಾನುವಾರ ಆಳಂದದ ಆ ಮನೆಗೆ ಮತ್ತೆ ಹೋಗುವವನಿದ್ದೇನೆ. “ದೇವ್ರಿಗಿ ಏನೇನ್ ಕೇಳ್ದಿ, ನನಗ ಹೇಳ್ ಯವ್ವಾ” ಅಂತ ಕೇಳಿ, ಕೂತು ಕೇಳಿಸಿಕೊಳ್ಳಬೇಕು.