ಕಾಗುಣಿತ ಬಾಯಿಗೆ ಬಂತು, ಓದು ಬಂತೇ?

ಮೂರನೇ ತರಗತಿಯ ಮಗುವಿಗೆ 'ಕೋ' ಎಂದಷ್ಟೇ ಬರೆದ ಚೀಟಿ ತೋರಿಸಿ. ಕೆಲವು ಮಕ್ಕಳು ತಟ್ಟನೆ ಹೇಳುತ್ತವೆ. ಇನ್ನು ಕೆಲವು ತುಟಿಯೊಳಗೇ 'ಕ, ಕಾ, ಕಿ, ಕೀ...' ಎಂದು ಗುನುಗುತ್ತಾ ಹನ್ನೆರಡನೆಯದಕ್ಕೆ ಬಂದು ನಿಲ್ಲುತ್ತವೆ. ಉತ್ತರವೇನೋ ಸರಿ, ಆದರೆ ಅದು ಓದಲ್ಲ, ಎಣಿಕೆ. 'ಕೋಳಿ ಕೂಗಿತು' ಮುಗಿಯುವ ಹೊತ್ತಿಗೆ ಕೂಗಿದ್ದು ಯಾರು ಎಂಬುದೇ ಮರೆತಿರುತ್ತದೆ.

ತಪ್ಪು ಮಗುವಿನದಲ್ಲ. ವರ್ಣಮಾಲೆಯಲ್ಲಿ 49 ಅಕ್ಷರ ಎನ್ನುತ್ತೇವೆ, ಆದರೆ ಪುಟದ ಮೇಲೆ ಕಾಣುವುದು 34 ವ್ಯಂಜನಗಳ ತಲಾ 15 ರೂಪ. ಅಲ್ಲಿಗೆ 510 ಆಯಿತು, ಒತ್ತಕ್ಷರ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದೂ ಇದನ್ನೇ: ಅಕ್ಷರಜ್ಞಾನ ಮೊದಲೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿವರೆಗೂ ಬೆಳೆಯುತ್ತಲೇ ಇರುತ್ತದೆ. 'ಕಿ' ಎಂಬ ಇಡೀ ಉಚ್ಚಾರ ಮಗುವಿನ ಕಿವಿಗೆ ಬೇಗ ಸಿಗುತ್ತದೆ. ಅದರೊಳಗಿನ 'ಕ್' ಮತ್ತು 'ಇ' ಬೇರೆ ಬೇರೆ ಎಂಬ ಅರಿವು ನಿಧಾನ. ಎರಡನೇ ತರಗತಿಗೇ ಅಕ್ಷರಪಾಠ ಮುಗಿಸುವ ನಮ್ಮ ಅವಸರಕ್ಕೆ ಯಾವ ಆಧಾರವೂ ಇಲ್ಲ.

ಆರಂಭವನ್ನು ನಾವು ಸರಿಯಾಗಿಯೇ ಮಾಡಿದ್ದೇವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ, ಅ ಆ ಇ ಈ ಕ್ರಮ ಬಿಟ್ಟು ರ, ಗ, ಸ, ದ, ಅ ಹಿಡಿಯಿತು. ಐದೇ ಅಕ್ಷರಕ್ಕೆ ಸರ, ರಸ, ಅರಸ, ಅಗಸ, ಗರಗಸ ಓದಬಹುದು. ಮೊದಲ ವಾರಗಳಲ್ಲೇ ಮಗುವಿಗೆ ಅರ್ಥ ಸಿಗುತ್ತದೆ. ಎಡವುವುದು ಆಮೇಲೆ, ಕಾಗುಣಿತದಲ್ಲಿ.

ಅಲ್ಲಿ ರಾಗ ಬಿಟ್ಟು ಜೋಡಿಸುವ ಆಟಕ್ಕೆ ಬನ್ನಿ. ದಿನಕ್ಕೆ ಹತ್ತು ನಿಮಿಷ ಸಾಕು. ಹಲಗೆಯ ಮೇಲೆ 'ಕಾಡು' ಬರೆದು, 'ಕ'ದ ಗುಣಿತ ಮಾತ್ರ ಬದಲಿಸಿ: ಕೂಡು, ಕೇಡು, ಕೊಡು, ಕೋಡು. ಮರುದಿನ ಇಳಿಯನ್ನು, ಅಂದರೆ 'ಕಾ'ದಲ್ಲಿನ 'ಆ' ಚಿಹ್ನೆಯನ್ನು, ಹಾಗೇ ಇಟ್ಟು ವ್ಯಂಜನ ಬದಲಿಸಿ: ನಾಡು, ಹಾಡು, ಮಾಡು, ಬಾಡು. ಎರಡೂ ತುಂಡುಗಳು ಕಣ್ಣೆದುರೇ ಬಿಡಿಬಿಡಿಯಾಗುತ್ತವೆ. ಹೊಸ ಗುಣಿತ ವಾರಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಗುಡಿಸು ('ಕಿ'ಯಲ್ಲಿನ 'ಇ' ಚಿಹ್ನೆ) ಮತ್ತು ಅದರ ದೀರ್ಘವನ್ನು ಒಂದೇ ದಿನ ಕಲಿಸಿದರೆ ಎರಡೂ ಕಲಸಿಹೋಗುತ್ತವೆ. ಮೊದಲನೆಯದು ಗಟ್ಟಿಯಾಗಲಿ.

ಲಿಪಿಯ ಕೆಲವು ತಂಟೆಗಳನ್ನು ಬಾಯಿಬಿಟ್ಟೇ ಹೇಳಬೇಕು. 'ವ'ಕ್ಕೆ ಕೊಂಬನ್ನು ('ಕು'ವಿನಲ್ಲಿನ 'ಉ' ಚಿಹ್ನೆ) ಎಂದಿನಂತೆ ಬಲಕ್ಕೆ ಅಂಟಿಸಿದರೆ 'ಮ' ಆಗಿಬಿಡುತ್ತದೆ, ಅದಕ್ಕೇ 'ವು', 'ಪು'ಗಳಲ್ಲಿ ಅದು ಕೆಳಗಿಳಿದಿದೆ. 'ಶಕ್ತಿ'ಯಲ್ಲಿ ಗುಡಿಸು ಕೂತಿರುವುದು 'ಕ'ದ ತಲೆಯ ಮೇಲೆ, ಕೇಳಿಸುವುದು ಕೆಳಗಿನ 'ತ'ದ ನಂತರ. ಮಗು 'ಶಕಿತ' ಎಂದು ಓದಿದರೆ, ಅದು ಕಂಡಿದ್ದನ್ನೇ ಓದಿದೆ! 'ಸೂರ್ಯ'ದ ಅರ್ಕಾವತ್ತು ಇನ್ನೂ ತಮಾಷೆ: ಮೊದಲು ಉಚ್ಚರಿಸುವ 'ರ್' ಕೊನೆಗೆ ನಿಂತಿರುತ್ತದೆ. ಒತ್ತಕ್ಷರಗಳಲ್ಲೂ ಸುಲಭ-ಕಷ್ಟದ ಸಾಲು ಇದೆ. ಹಗ್ಗ, ಅಜ್ಜ, ಗುಡ್ಡಗಳ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ, ಅವು ಮೊದಲು. ತ, ನ, ಮ, ಯ, ರ, ಲ ಒತ್ತುಗಳ ಆಕಾರವೇ ಬೇರೆ. ಅವನ್ನು ಮೂರು, ನಾಲ್ಕನೇ ತರಗತಿಯಲ್ಲೂ ಒಂದೊಂದಾಗಿ ಕಲಿಸಬೇಕು.

ಬರವಣಿಗೆ ಎಂದರೆ ಬಹಳ ಕಡೆ ಇನ್ನೂ ನಕಲು. ಹಲಗೆಯಲ್ಲಿದ್ದದ್ದನ್ನು ಹತ್ತು ಸಲ ಬರೆದರೆ ಅಕ್ಷರ ದುಂಡಗಾಗಬಹುದು, ಬರೆಯಲು ಬಂತು ಎಂದಲ್ಲ. ಉಕ್ತಲೇಖನವೂ 10ಕ್ಕೆ 6 ಎಂದು ಅಂಕ ಹಾಕಿ ಮುಚ್ಚಿಟ್ಟರೆ ವ್ಯರ್ಥ. ತಪ್ಪುಗಳನ್ನು ವಿಂಗಡಿಸಿ. 'ಅಜ್ಜಿ' ಬದಲು 'ಅಜಿ' ಬರೆದ ಮಗುವಿಗೆ ಒತ್ತು ಕೇಳಿಸಿಲ್ಲ ಅಥವಾ ಬರೆಯಲು ತಿಳಿದಿಲ್ಲ. ಚಪ್ಪಾಳೆ ತಟ್ಟಿ 'ಅಜ್-ಜಿ' ಎಂದು ಒಡೆಸಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. 'ಹಳ್ಳಿ'ಯನ್ನು 'ಅಳ್ಳಿ' ಎಂದು ಬರೆದ ಮಗು ಮನೆಯ ನುಡಿಯನ್ನು ನಿಷ್ಠೆಯಿಂದ ಬರೆದಿದೆ. ಅದರ ಕಿವಿ ಚುರುಕಾಗಿಯೇ ಇದೆ. 'ಮನೆಯಲ್ಲಿ ಹೀಗೆ, ಪುಸ್ತಕದಲ್ಲಿ ಹಾಗೆ' ಎಂದು ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿದರೆ ಸಾಕು, ಕೆಂಪು ಶಾಯಿ ಬೇಡ.

ಸ್ವಂತ ವಾಕ್ಯಕ್ಕೆ ಮೂರನೇ ತರಗತಿವರೆಗೆ ಕಾಯಬೇಕಿಲ್ಲ. ಒಂದನೇ ತರಗತಿಯ ಮಗು ಚಿತ್ರ ಬಿಡಿಸಿ ಅದರ ಬಗ್ಗೆ ಒಂದು ಮಾತು ಹೇಳಲಿ. ಟೀಚರ್ ಅದನ್ನು ಹೇಳಿದ ಹಾಗೇ ಕೆಳಗೆ ಬರೆಯಲಿ, ಮಗು ಬೆರಳಿಟ್ಟು ಓದಲಿ. ಕೆಲವು ತಿಂಗಳ ನಂತರ ಆ ಸಾಲಿನ ಒಂದು ಪದವನ್ನು ಮಗುವೇ ಬರೆಯುತ್ತದೆ, ಆಮೇಲೆ ಎರಡು. 'ನಾಯಿ ಮಲ್ಗೈತೆ' ಎಂದಿದ್ದರೆ ಸದ್ಯಕ್ಕೆ ಹಾಗೇ ಇರಲಿ.