ತಂಬೂರಿ ಏರಿದ್ದು ಯಾಕೆ? ಆಡಿಯೊ ಪ್ರೋಗ್ರಾಮನ್ನು ಲಿನಕ್ಸ್‌ನಿಂದ ವಿಂಡೋಸ್‌ಗೆ ಒಯ್ಯುವಾಗ ಕಲಿತದ್ದು

ಬೆಳಗಾವಿಯ ಟಿಳಕವಾಡಿಯಲ್ಲಿ ಹಾಡು ಹೇಳಿಕೊಡುವ ಗುರುಗಳೊಬ್ಬರಿಗೆ ನಾನೊಂದು ತಂಬೂರಿ ಪ್ರೋಗ್ರಾಮ್ ಬರೆದುಕೊಟ್ಟೆ. ಅವರ ಹತ್ತಿರ ಮಿರಜಿನ ಅಸಲಿ ತಂಬೂರಿಯೇ ಇದೆ. ಇದು ವಿದ್ಯಾರ್ಥಿಗಳು ಮನೆಯಲ್ಲಿ ರಿಯಾಜ್ ಮಾಡುವುದಕ್ಕೆ. ನನ್ನ ಲಿನಕ್ಸ್‌ನಲ್ಲಿ ಚೆನ್ನಾಗಿಯೇ ನುಡಿಯುತ್ತಿತ್ತು. ವಿಂಡೋಸ್‌ಗೆ ಬದಲಾಯಿಸಿ ಅವರ ಲ್ಯಾಪ್‌ಟಾಪ್‌ನಲ್ಲಿ ಹಚ್ಚಿದೆ. ಎರಡು ಮೀಟಿಗೇ ಅವರು ಕೈ ಎತ್ತಿದರು: "ತಮ್ಮಾ, ಕಾಳಿ ಒಂದು ಅಂದಿ, ಇದು ಏರೇತಲ್ಲೋ. ಬಿಳಿ ಎರಡೂ ಅಲ್ಲ, ಕಾಳಿ ಎರಡೂ ಅಲ್ಲ, ನಡುವ ನಿಂತೇತಿ."

(ಕಾಳಿ, ಬಿಳಿ ಅಂದರೆ ಹಾರ್ಮೋನಿಯಂನ ಕಪ್ಪು ಮತ್ತು ಬಿಳಿ ಮನೆಗಳು.) ಅವರ ಕಿವಿ ಎಷ್ಟು ಸರಿ ಅನ್ನೋದು ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು. ಅದಕ್ಕೆ ಬರುತ್ತೇನೆ.

ಮೊದಲು ಹಳೆಯ ಕಾಲದ ಸುಖ ನೋಡಿ. ಲಿನಕ್ಸ್‌ನ ಹಳೆಯ ಓಎಸ್‌ಎಸ್ (ಓಪನ್ ಸೌಂಡ್ ಸಿಸ್ಟಮ್) ಪದ್ಧತಿಯಲ್ಲಿ ಸೌಂಡ್ ಕಾರ್ಡ್ ಅಂದರೆ ಡಿಎಸ್‌ಪಿ ಎಂಬ ಒಂದು ಡಿವೈಸ್ ಫೈಲ್. (ಪೊಲೀಸ್ ಡಿಎಸ್‌ಪಿ ಅಲ್ಲ.) ಫೈಲ್ ತೆರೆಯಿರಿ, ವೇಗ (ಸೆಕೆಂಡಿಗೆ ಎಷ್ಟು ಸ್ಯಾಂಪಲ್) ಮತ್ತು ಚಾನೆಲ್ ಹೇಳಿ, ಬೈಟ್‌ಗಳನ್ನು ಬರೆಯಿರಿ, ಸದ್ದು ಬಂತು. ಫ್ರೀಬಿಎಸ್‌ಡಿಯಲ್ಲಿ ಇಂದಿಗೂ ಹೀಗೇ. ಲಿನಕ್ಸ್‌ನಲ್ಲಿ 2003ರ 2.6 ಕರ್ನಲ್‌ನಿಂದ ಆಲ್ಸಾ ಮುಖ್ಯವಾಯಿತು. ಅದರ ಮೇಲೆ ಪಲ್ಸ್‌ಆಡಿಯೊ ಬಂತು, ಈಗ ಪೈಪ್‌ವೈರ್. ವಿಂಡೋಸ್‌ನಲ್ಲಿ ಹಳೆಯ ವೇವ್‌ಔಟ್, ನಂತರ ಡೈರೆಕ್ಟ್‌ಸೌಂಡ್, ವಿಸ್ಟಾದಿಂದ ವಾಸಾಪಿ. ಮ್ಯಾಕ್‌ನಲ್ಲಿ ಕೋರ್ ಆಡಿಯೊ. ಹೆಸರುಗಳನ್ನು ಬಾಯಿಪಾಠ ಮಾಡಬೇಡಿ. ಒಂದರ ಫಂಕ್ಷನ್ ತೆಗೆದು ಇನ್ನೊಂದರದ್ದು ಹಾಕಿದರೆ ಕೆಲಸ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಯಾರು ಯಾರನ್ನು ಕರೆಯುತ್ತಾರೆ ಅನ್ನೋದೇ ಬದಲಾಗಿಬಿಡುತ್ತದೆ.

ಖಾನಾವಳಿಯ ಅಡುಗೆಮನೆ ನೆನಪಿಸಿಕೊಳ್ಳಿ. ಅಕ್ಕ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಾಳೆ, ಬುಟ್ಟಿಗೆ ಹಾಕುತ್ತಾಳೆ. ಬುಟ್ಟಿ ತುಂಬಿದರೆ ಕೈ ನಿಲ್ಲಿಸುತ್ತಾಳೆ, ಜಾಗ ಆದರೆ ಮತ್ತೆ ಬಡಿಯುತ್ತಾಳೆ. ಓಎಸ್‌ಎಸ್ ಹೀಗೆ. ಆಲ್ಸಾದಲ್ಲಿ ಎಲ್ಲರೂ ಮೊದಲು ಕಲಿಯುವ ರೀತಿಯೂ ಇದೇ. ರೈಟ್ ಕರೆಯುತ್ತೀರಿ, ಬಫರ್, ಅಂದರೆ ಆ ಬುಟ್ಟಿ, ತುಂಬಿದ್ದರೆ ಆ ಕರೆ ಅಲ್ಲೇ ಕಾಯುತ್ತದೆ. ನಿಮ್ಮ ಪ್ರೋಗ್ರಾಮೇ ಯಜಮಾನ.

ಕೋರ್ ಆಡಿಯೊದಲ್ಲಿ ಬಡಿಸುವವನು ಯಜಮಾನ. ತಟ್ಟೆ ಹಿಡಿದು ಒಲೆ ಹತ್ತಿರ ಬರುತ್ತಾನೆ: "512 ಕೊಡು, ಈಗಲೇ." ಇದೇ ಕಾಲ್‌ಬ್ಯಾಕ್. (ಕೇಳಿದ್ದು ಫ್ರೇಮ್‌ಗಳನ್ನು; ಒಂದು ಫ್ರೇಮ್ ಅಂದರೆ ಒಂದು ಕ್ಷಣಕ್ಕೆ ಎಲ್ಲ ಚಾನೆಲ್‌ಗಳ ಸ್ಯಾಂಪಲ್.) 48000 ವೇಗದಲ್ಲಿ 512 ಫ್ರೇಮ್ ಅಂದರೆ ಸುಮಾರು 10.7 ಮಿಲಿಸೆಕೆಂಡ್. ಅಷ್ಟಕ್ಕೊಮ್ಮೆ ಅವನು ಬರುತ್ತಾನೆ, ತಡವಾದರೆ ಖಾಲಿ ತಟ್ಟೆಯಲ್ಲೇ ಹೋಗುತ್ತಾನೆ. ಸ್ಪೀಕರ್‌ನಲ್ಲಿ ಟಪ್ ಅಂತ ಕೇಳುತ್ತದಲ್ಲ, ಅದೇ ಇದು. ವಾಸಾಪಿ ಇವೆರಡರ ನಡುವಿನದು. ಅದು ನಿಮ್ಮನ್ನು ನೇರವಾಗಿ ಕರೆಯುವುದಿಲ್ಲ, ಒಂದು ಈವೆಂಟ್ ಮೂಲಕ ನಿಮ್ಮ ಥ್ರೆಡ್ಡನ್ನು (ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ನಡೆಯುವ ಕೆಲಸದ ಎಳೆ) ಎಬ್ಬಿಸುತ್ತದೆ. ನೀವು ಎದ್ದು, ಎಷ್ಟು ಜಾಗ ಇದೆ ಅಂತ ಕೇಳಿ, ಅಷ್ಟೇ ತುಂಬಬೇಕು.

ಹಾಗಾಗಿ ಕಾಲ್‌ಬ್ಯಾಕ್ ಒಳಗೆ ಹಿಟ್ಟು ಮುಗೀತು ಅಂತ ಗಿರಣಿಗೆ ಹೋಗೋ ಹಾಗಿಲ್ಲ. ಅಲ್ಲಿ ಫೈಲ್ ಓದಬೇಡಿ, ಮ್ಯಾಲಕ್ (ಹೊಸ ಮೆಮೊರಿ ಕೇಳುವುದು) ಬೇಡ, ಬೇರೆ ಥ್ರೆಡ್ ಹಿಡಿದಿರುವ ಲಾಕ್‌ಗಾಗಿ ಕಾಯಬೇಡಿ. ಪ್ರಿಂಟ್ ಕೂಡ ಬೇಡ. ನಾನು ದೋಷ ಹುಡುಕಲು ಒಂದು ಪ್ರಿಂಟ್ ಹಾಕಿದ್ದೆ, ಆ ಪ್ರಿಂಟೇ ಟಪ್ ಟಪ್‌ಗೆ ಕಾರಣವಾಗಿತ್ತು! ಫೈಲ್ ಓದುವ ಕೆಲಸ ಬೇರೆ ಥ್ರೆಡ್‌ಗೆ ಕೊಟ್ಟು, ನಡುವೆ ಒಂದು ರಿಂಗ್ ಬಫರ್ ಇಡಿ. ಅದು ಒಲೆ ಪಕ್ಕದ ಹಿಟ್ಟಿನ ಡಬ್ಬಿ ಇದ್ದ ಹಾಗೆ.

ನನ್ನ ಸಲಹೆ ಇಷ್ಟೇ. ಮೊದಲ ದಿನದಿಂದಲೇ "ಇಷ್ಟು ಫ್ರೇಮ್ ತುಂಬಿಕೊಡು" ಎಂಬ ಒಂದೇ ಫಂಕ್ಷನ್ ಸುತ್ತ ಪ್ರೋಗ್ರಾಮ್ ಕಟ್ಟಿ. ಅದನ್ನು ರೈಟ್ ಲೂಪಿನೊಳಗೆ ಕೂರಿಸುವುದು ಸುಲಭ. ರೈಟ್ ಲೂಪ್ ಸುತ್ತ ಕಟ್ಟಿದ್ದನ್ನು ಕಾಲ್‌ಬ್ಯಾಕ್‌ಗೆ ತಿರುಗಿಸುವುದು ಮಾತ್ರ ಹಳೇ ಮನೆಗೆ ಪಾಯ ಬದಲಿಸಿದ ಹಾಗೆ. ನನಗೆ ಎರಡು ವಾರ ಹಿಡಿಯಿತು.

ಈಗ ಏರಿದ ಷಡ್ಜ. ವಾಸಾಪಿಯ ಷೇರ್ಡ್ ಮೋಡ್‌ನಲ್ಲಿ ಎಲ್ಲ ಪ್ರೋಗ್ರಾಮ್‌ಗಳ ಸದ್ದನ್ನು ವಿಂಡೋಸ್ ಕೂಡಿಸಿ ಕಾರ್ಡಿಗೆ ಕಳಿಸುತ್ತದೆ. ಅದಕ್ಕೊಂದು ಮಿಕ್ಸ್ ಫಾರ್ಮ್ಯಾಟ್ ಇದೆ, ಸಾಮಾನ್ಯವಾಗಿ 32 ಬಿಟ್ ಫ್ಲೋಟ್ (ದಶಮಾಂಶ ಸಂಖ್ಯೆ). ಆ ಲ್ಯಾಪ್‌ಟಾಪ್‌ನಲ್ಲಿ ವೇಗ 48000 ಇತ್ತು. ನಾನು ಆ ಫಾರ್ಮ್ಯಾಟ್ ಕೇಳಿ ಪಡೆದು, ಅದನ್ನೇ ವಾಪಸ್ ಕೊಟ್ಟು ಡಿವೈಸ್ ತೆರೆದೆ. ಆದರೆ ಸ್ಯಾಂಪಲ್‌ಗಳನ್ನು ಮಾತ್ರ 44100ರ ಲೆಕ್ಕದಲ್ಲೇ ತಯಾರಿಸುತ್ತಿದ್ದೆ! 48000ವನ್ನು 44100ರಿಂದ ಭಾಗಿಸಿದರೆ 1.088. ಸ್ವರದ ಲೆಕ್ಕದಲ್ಲಿ ಅದು ಸುಮಾರು 1.47 ಅರ್ಧಸ್ವರ. ಕಾಳಿ ಒಂದರಿಂದ ಒಂದು ಅರ್ಧಸ್ವರ ಏರಿದರೆ ಬಿಳಿ ಎರಡು, ಎರಡು ಏರಿದರೆ ಕಾಳಿ ಎರಡು. ಗುರುಗಳು "ನಡುವ" ಅಂದದ್ದು ಅಕ್ಷರಶಃ ನಿಜ.

ಹಾಗಾದರೆ ಲಿನಕ್ಸ್‌ನಲ್ಲಿ ಯಾಕೆ ಸರಿ ಇತ್ತು? ಅಲ್ಲಿ ನಾನು ಡಿಫಾಲ್ಟ್ ಡಿವೈಸ್ ತೆರೆದು 44100 ಕೇಳಿದ್ದೆ. ನಡುವೆ ಕೂತ ಪೈಪ್‌ವೈರ್ ಸದ್ದಿಲ್ಲದೆ ಅದನ್ನು 48000ಕ್ಕೆ ಬದಲಾಯಿಸುತ್ತಿತ್ತು. ಅದೇ ಆಲ್ಸಾದಲ್ಲಿ ನೇರ ಹಾರ್ಡ್‌ವೇರ್ ಡಿವೈಸ್ ತೆರೆದು "ಹತ್ತಿರದ ವೇಗ ಕೊಡು" ಅಂದರೆ, ಕಾರ್ಡಿಗೆ ಬರುವ ವೇಗವನ್ನು ಕೊಟ್ಟು ಸುಮ್ನಾಗುತ್ತದೆ. ಎರರ್ ಬರುವುದಿಲ್ಲ. ಕೇಳಿದ್ದು ಬೇರೆ, ಸಿಕ್ಕಿದ್ದು ಬೇರೆ. ಸಿಕ್ಕಿದ್ದನ್ನೇ ಓದಿ ಲೆಕ್ಕ ಮಾಡಿ.

ವೇಗದಷ್ಟೇ ಅಲ್ಲ, ಸಂಖ್ಯೆಯ ಬಗೆಯನ್ನೂ ನೋಡಿ. 16 ಬಿಟ್ ಪೂರ್ಣಾಂಕಗಳನ್ನು ಫ್ಲೋಟ್ ಬಫರ್‌ಗೆ ಹಾಗೇ ಸುರಿದರೆ ಸ್ವರ ಏರುವುದಲ್ಲ, ಕಿವಿ ಹರಿಯುವ ಗದ್ದಲ ಬರುತ್ತದೆ. ಮೊದಲ ಸಲ ಹೆಡ್‌ಫೋನ್ ಹಾಕಿಕೊಂಡು ಪರೀಕ್ಷೆ ಮಾಡಬೇಡಿ.

ಬಫರ್ ಎಷ್ಟಿರಬೇಕು? ಗೆಳೆಯರು 64 ಫ್ರೇಮ್, 128 ಫ್ರೇಮ್ ಅಂತ ಜಂಬ ಪಡುತ್ತಾರೆ. ಹಾರ್ಮೋನಿಯಂ ಪ್ರೋಗ್ರಾಮ್ ಆದರೆ ಸರಿ, ಮನೆ ಒತ್ತಿದ ಕೂಡಲೇ ಸ್ವರ ಬರಬೇಕು. ತಂಬೂರಿಗೆ ಆ ಅವಸರ ಯಾಕೆ? ನಾನು 2048 ಇಟ್ಟೆ, 48000ದಲ್ಲಿ ಸುಮಾರು 43 ಮಿಲಿಸೆಕೆಂಡ್. ಟಪ್ ಅನ್ನೋದು ನಿಂತಿತು. ಆದರೆ ಮೀಟುಗಳ ನಡುವಿನ ಅಂತರವನ್ನು ಸ್ಲೀಪ್‌ನಿಂದ ಅಳೆಯಬೇಡಿ. ಕಂಪ್ಯೂಟರಿನ ಗಡಿಯಾರ, ಸೌಂಡ್ ಕಾರ್ಡಿನ ಗಡಿಯಾರ ಎರಡೂ ಒಂದೇ ಅಲ್ಲ. ಕೊಟ್ಟ ಫ್ರೇಮ್‌ಗಳನ್ನು ಎಣಿಸಿ, ಅದೇ ನಿಮ್ಮ ತಾಳ.

ಮೈಕ್ ಬೇಕಿದ್ದರೆ ಒಂದು ಮಾತು. ಮ್ಯಾಕ್‌ನಲ್ಲಿ 2018ರ ಮೊಜಾವೆಯಿಂದ ಬಳಕೆದಾರರ ಅನುಮತಿ ಬೇಕು. ಇಲ್ಲದಿದ್ದರೆ ಬರೀ ಸೊನ್ನೆಗಳು ಬರುತ್ತವೆ, ಮೈಕ್ ಕೆಟ್ಟಿದೆ ಅನಿಸುತ್ತದೆ.

ಎಲ್ಲ ಕಡೆ ನಡೆಯುವ ಸಿದ್ಧ ಲೈಬ್ರರಿಗಳಾದ ಪೋರ್ಟ್‌ಆಡಿಯೊ, ಎಸ್‌ಡಿಎಲ್, ಮಿನಿಆಡಿಯೊ ಇರುವಾಗ ಇಷ್ಟೆಲ್ಲ ಯಾಕೆ ಅಂತೀರಾ? ಕೊನೆಗೆ ನಾನೂ ಮಿನಿಆಡಿಯೊಗೇ ಹೋದೆ. ಒಂದೇ ಸಿ ಫೈಲ್, ವೇಗವನ್ನೂ ಅದೇ ಬದಲಾಯಿಸಿಕೊಡುತ್ತದೆ. ಆದರೂ ಒಂದು ಬ್ಯಾಕೆಂಡನ್ನಾದರೂ (ಆಲ್ಸಾ, ವಾಸಾಪಿಯಂಥ ಒಂದರ ಜೊತೆ ನೇರ ಮಾತಾಡುವ ಭಾಗ) ಕೈಯಾರೆ ಬರೆದು ನೋಡಿ. ಮಿನಿಆಡಿಯೊ ಕೂಡ ಕಾಲ್‌ಬ್ಯಾಕ್‌ನಲ್ಲೇ ನಡೆಯುತ್ತದೆ, ಅಲ್ಲೂ ಗಿರಣಿಗೆ ಹೋಗೋ ಹಾಗಿಲ್ಲ.

ಇನ್ನೊಂದು ಬಾಕಿ ಇದೆ. ನನ್ನ ಕೈಬರಹದ ವಾಸಾಪಿ ಕೋಡ್ ನಡೆಯುತ್ತಿದ್ದಾಗ ಹುಡುಗಿಯೊಬ್ಬಳು ಯುಎಸ್‌ಬಿ ಹೆಡ್‌ಸೆಟ್ ಕಿತ್ತಳು, ತಂಬೂರಿ ಸತ್ತೇ ಹೋಯಿತು. ಡಿವೈಸ್ ಇಲ್ಲವಾಯಿತು ಅಂತ ವಾಸಾಪಿ ಎರರ್ ಕೊಟ್ಟಿತ್ತು. ನಾನು ನೋಡಿರಲಿಲ್ಲ, ಅಷ್ಟೇ. ಆ ಎರರ್ ಬಂದಾಗ ಎಲ್ಲ ಮುಚ್ಚಿ, ಈಗಿನ ಡಿಫಾಲ್ಟ್ ಡಿವೈಸನ್ನು ಹೊಸದಾಗಿ ತೆರೆಯಬೇಕು. ಹೊಸ ಡಿವೈಸಿನ ವೇಗ 44100 ಇದ್ದರೂ ಇರಬಹುದು, ಅದನ್ನೂ ಮತ್ತೆ ಕೇಳಬೇಕು.