ಒಸ್ತ್ರಾವಾದ 18 ಮಕ್ಕಳು ಮತ್ತು 'ವಿಶೇಷ ಶಾಲೆ'ಯ ಲೆಕ್ಕ

ಜೆಕ್ ಗಣರಾಜ್ಯದ ಪೂರ್ವಕ್ಕೆ, ಪೋಲೆಂಡ್ ಗಡಿಯ ಹತ್ತಿರ, ಒಸ್ತ್ರಾವಾ ಎಂಬ ಕಲ್ಲಿದ್ದಲು, ಉಕ್ಕಿನ ಊರಿದೆ. 1999ರಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ರೋಮಾ ಮಕ್ಕಳು ನೂರಕ್ಕೆ ಎರಡರಷ್ಟಿದ್ದರು. ಆದರೆ ಬುದ್ಧಿಮಾಂದ್ಯ ಮಕ್ಕಳಿಗೆಂದೇ ಇದ್ದ 'ವಿಶೇಷ ಶಾಲೆ'ಗಳಲ್ಲಿ ನೂರಕ್ಕೆ 56 ಮಕ್ಕಳು ಅವರೇ. ರೋಮಾ ಮಗು ಅಂಥ ಶಾಲೆಗೆ ಸೇರುವ ಸಾಧ್ಯತೆ ಬೇರೆ ಮಕ್ಕಳಿಗಿಂತ 27 ಪಟ್ಟು ಜಾಸ್ತಿ ಇತ್ತು. ಊರಿನ ರೋಮಾ ಮಕ್ಕಳಲ್ಲಿ ಅರ್ಧದಷ್ಟು ಜನ ಅಂಥ ಶಾಲೆಗಳಲ್ಲೇ ಇದ್ದರು. ಅಷ್ಟೂ ಮಕ್ಕಳು ಬುದ್ಧಿಮಾಂದ್ಯರಾಗಿರಲು ಹೇಗೆ ಸಾಧ್ಯ?

ರೋಮಾ ಜನರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ವಾಯವ್ಯ ಭಾರತದಿಂದ ಹೊರಟವರು. ಯುರೋಪಿನಲ್ಲಿ ಅವರನ್ನು 'ಜಿಪ್ಸಿ'ಗಳೆಂದು ಕರೆದು ಕಳ್ಳರ ಪಟ್ಟಿಗೆ ಸೇರಿಸಿದ್ದು ಹಳೆಯ ಕಥೆ. 1927ರಲ್ಲಿ ಚೆಕೊಸ್ಲೊವಾಕಿಯಾ (ಜೆಕ್, ಸ್ಲೊವಾಕ್ ನೆಲಗಳು ಸೇರಿದ್ದ ಅಂದಿನ ದೇಶ) ಕಾನೂನು ತಂದು ಅಲೆಮಾರಿ ಜಿಪ್ಸಿಗಳ ಬೆರಳಚ್ಚು ತೆಗೆದುಕೊಂಡು, ಪ್ರತ್ಯೇಕ ಗುರುತಿನ ಚೀಟಿ ಕೊಟ್ಟಿತು. ಬ್ರಿಟಿಷರು 1871ರಲ್ಲಿ ಇಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಜಾಡೂ ಇದೇ. ಹುಬ್ಬಳ್ಳಿ, ಗದಗಿನ 'ಸೆಟ್ಲ್‌ಮೆಂಟ್' ಬಡಾವಣೆಗಳ ಹೆಸರು ಬಂದದ್ದು ಆ ಕಾಯ್ದೆಯಿಂದಲೇ.

ನಾಜಿಗಳು ಬಂದಾಗ ಆ ಪಟ್ಟಿಗಳು ತಯಾರಾಗಿಯೇ ಇದ್ದವು. ಲೆಟಿ ಎಂಬಲ್ಲಿ ಶಿಬಿರ ತೆರೆದು ಸಾವಿರಕ್ಕೂ ಹೆಚ್ಚು ರೋಮಾ ಜನರನ್ನು ಕೂಡಿಹಾಕಿದರು. ಕಾವಲು ಕಾದವರು ಜೆಕ್ ಪೊಲೀಸರು. ಮುನ್ನೂರಕ್ಕೂ ಜಾಸ್ತಿ ಜನ ಅಲ್ಲೇ ಸತ್ತರು, ಬಹಳಷ್ಟು ಜನರನ್ನು ಆಶ್‌ವಿಟ್ಜ್‌ಗೆ ಸಾಗಿಸಿದರು. ಯುದ್ಧ ಮುಗಿದಾಗ ಜೆಕ್ ನೆಲದ ರೋಮಾ ಜನರಲ್ಲಿ ಶಿಬಿರಗಳಿಂದ ಮರಳಿ ಬಂದವರು ಆರುನೂರೂ ಇರಲಿಲ್ಲ. 1970ರ ದಶಕದಲ್ಲಿ ಲೆಟಿಯ ಆ ಜಾಗದಲ್ಲಿ ಸರ್ಕಾರ ಹಂದಿ ಸಾಕಣೆ ಕೇಂದ್ರ ಕಟ್ಟಿತು. ಅದನ್ನು ಕೆಡವಲು ಶುರು ಮಾಡಿದ್ದು 2022ರಲ್ಲಿ. ಇದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಇವತ್ತು ಜೆಕ್ ಊರುಗಳಲ್ಲಿರುವ ರೋಮಾ ಕುಟುಂಬಗಳಲ್ಲಿ ಹೆಚ್ಚಿನವು ಯುದ್ಧದ ನಂತರ ಸ್ಲೊವಾಕಿಯಾದಿಂದ ಕಾರ್ಖಾನೆ, ಗಣಿ ಕೆಲಸಕ್ಕೆ ಬಂದವು. 1958ರಲ್ಲಿ ಕಮ್ಯುನಿಸ್ಟ್ ಸರ್ಕಾರ ಅಲೆಮಾರಿ ಬದುಕನ್ನೇ ನಿಷೇಧಿಸಿತು. ಶಾಲೆಗಳ ಬಾಗಿಲು ತೆರೆಯಿತು ನಿಜ, ಆದರೆ ಯಾವ ಶಾಲೆಯ ಬಾಗಿಲು?

ಶಾಲೆ ಸೇರುವ ವಯಸ್ಸಿನ ಮಗುವನ್ನು ಮನಶ್ಶಾಸ್ತ್ರಜ್ಞರ ಮುಂದೆ ಕೂರಿಸುತ್ತಿದ್ದರು. ಜೆಕ್ ಮನೆಗಳ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಪರೀಕ್ಷೆ ಅದು. ಮನೆಯಲ್ಲಿ ಬೇರೆ ಮಾತು, ಬೇರೆ ರೂಢಿ ಇರುವ ಮಗು ಅದರಲ್ಲಿ ತಡವರಿಸಿದರೆ ವಿಶೇಷ ಶಾಲೆಗೆ ಶಿಫಾರಸು. ತಂದೆ ತಾಯಿಯ ಒಪ್ಪಿಗೆಯೂ ಬೇಕಿತ್ತು. ಅದಕ್ಕೆ ಮೊದಲೇ ಭರ್ತಿ ಮಾಡಿದ ಫಾರಂ ಇರುತ್ತಿತ್ತು. ಇಲ್ಲಿನ ಪಾಠಕ್ಕೂ ಮಾಮೂಲಿ ಶಾಲೆಯ ಪಾಠಕ್ಕೂ ಏನು ವ್ಯತ್ಯಾಸ, ಬೇರೆ ದಾರಿ ಇದೆಯಾ ಎಂಬ ಒಂದು ಸಾಲೂ ಅದರಲ್ಲಿ ಇರಲಿಲ್ಲ. ಸಹಿ ಬಿದ್ದರೆ ಮಗುವಿನ ಮುಂದಿನ ಓದು ಬಹುಮಟ್ಟಿಗೆ ಕೈಕಸುಬಿನ ತರಬೇತಿಗೆ ನಿಂತುಬಿಡುತ್ತಿತ್ತು.

1999ರಲ್ಲಿ ಒಸ್ತ್ರಾವಾದ ಪೋಷಕರು ಇದನ್ನು ಕೋರ್ಟಿಗೆ ಒಯ್ದರು. ಆಗ ಬುಡಾಪೆಸ್ಟ್‌ನಲ್ಲಿದ್ದ ಯುರೋಪಿಯನ್ ರೋಮಾ ಹಕ್ಕುಗಳ ಕೇಂದ್ರ ಅವರ ಜೊತೆ ನಿಂತಿತು. ದೊಡ್ಡ ತೊಡಕು ಲೆಕ್ಕದ್ದು. ಯಾವ ಶಾಲೆಯಲ್ಲಿ ಎಷ್ಟು ರೋಮಾ ಮಕ್ಕಳಿದ್ದಾರೆ ಎಂಬ ಅಧಿಕೃತ ಅಂಕಿ ಅಂಶ ಇರಲಿಲ್ಲ. ಕೊನೆಗೆ ಊರಿನ ಮುಖ್ಯೋಪಾಧ್ಯಾಯರಿಗೇ ಪ್ರಶ್ನಾವಳಿ ಕಳಿಸಿ ಸಂಖ್ಯೆ ಕೂಡಿಸಿದರು. ಮೇಲೆ ಹೇಳಿದ ಅಂಕಿಗಳು ಸಿಕ್ಕಿದ್ದು ಹಾಗೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಊಸ್ತಿ ನಾದ್ ಲಾಬೆಮ್ ಊರಿನ ಮಾತಿಚ್ನಿ ಬೀದಿಯಲ್ಲಿ ರೋಮಾ ಮನೆಗಳ ಎದುರು ಗೋಡೆ ಎದ್ದಿತು. ಜಗತ್ತೆಲ್ಲ ಛೀಮಾರಿ ಹಾಕಿತು, ಆರು ವಾರದಲ್ಲಿ ಅದನ್ನು ಕೆಡವಿದರು. ಶಾಲೆಯದು ಇಂಥ ಕಣ್ಣಿಗೆ ಕಾಣುವ ಗೋಡೆಯಲ್ಲ, ಹಾಗಾಗಿ ಎಂಟು ವರ್ಷ ಹಿಡಿಯಿತು.

ಜೆಕ್ ಸಾಂವಿಧಾನಿಕ ನ್ಯಾಯಾಲಯ ಅರ್ಜಿ ತಳ್ಳಿಹಾಕಿತು. ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದಲ್ಲೂ 2006ರಲ್ಲಿ ಮೊದಲ ಪೀಠ ಅವರ ವಿರುದ್ಧವೇ ತೀರ್ಪು ಕೊಟ್ಟಿತು. 2007ರ ನವೆಂಬರ್ 13ರಂದು ಮಹಾಪೀಠ ಅದನ್ನು ತಿರುಗಿಸಿತು. 13 ನ್ಯಾಯಾಧೀಶರು ಮಕ್ಕಳ ಪರ, ನಾಲ್ವರು ವಿರುದ್ಧ. ಯಾರೋ ಅಧಿಕಾರಿ ಬೇಕಂತಲೇ ದ್ವೇಷದಿಂದ ಮಾಡಿದ ಎಂದು ಸಾಬೀತು ಮಾಡಬೇಕಿಲ್ಲ, ವ್ಯವಸ್ಥೆಯ ಏಟು ಒಂದೇ ಜನರ ಮೇಲೆ ಬೀಳುತ್ತಿದೆ ಎಂದು ಅಂಕಿಗಳು ತೋರಿಸಿದರೆ ಸರ್ಕಾರವೇ ಉತ್ತರ ಕೊಡಬೇಕು ಎಂದಿತು ಕೋರ್ಟು. ಆ ಫಾರಂ ಮೇಲಿನ ಸಹಿಯನ್ನೂ ಒಪ್ಪಲಿಲ್ಲ: ಜನಾಂಗೀಯ ತಾರತಮ್ಯಕ್ಕೆ ಒಳಗಾಗದಿರುವ ಹಕ್ಕನ್ನು ಯಾರೂ ಬಿಟ್ಟುಕೊಡಲು ಬರುವುದಿಲ್ಲ. ನನ್ನ ಮಟ್ಟಿಗೆ ಇಡೀ ತೀರ್ಪಿನಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ.

18 ಅರ್ಜಿದಾರರಿಗೆ ತಲಾ 4,000 ಯೂರೋ ಸಿಕ್ಕಿತು. ಆ ಹೊತ್ತಿಗೆ ಅವರ ಶಾಲೆಯ ವಯಸ್ಸು ಬಹುಪಾಲು ಮುಗಿದೇ ಹೋಗಿತ್ತು. ಗ್ರೀಸ್, ಕ್ರೊಯೇಷಿಯಾ, ಹಂಗೇರಿಯ ರೋಮಾ ಮಕ್ಕಳು ಮುಂದೆ ಅದೇ ಕೋರ್ಟಿನಲ್ಲಿ ಗೆದ್ದರು, ಈ ತೀರ್ಪು ಅವರಿಗೆ ಆಸರೆಯಾಯಿತು.

ಜೆಕ್ ಸರ್ಕಾರ ತೀರ್ಪಿಗೆ ಮೊದಲೇ, 2005ರಲ್ಲಿ, ಕಾನೂನಿನಿಂದ 'ವಿಶೇಷ ಶಾಲೆ' ಎಂಬ ಹೆಸರು ತೆಗೆದುಹಾಕಿತ್ತು. ಬೋರ್ಡು ಬದಲಾಯಿತು, ಎಷ್ಟೋ ಕಡೆ ಕಟ್ಟಡ, ಪಾಠ, ಮಕ್ಕಳು ಅವರೇ. 2012ರ ಹೊತ್ತಿಗೆ ಅಲ್ಲಿನ ಒಂಬುಡ್ಸ್‌ಮನ್ (ಆಡಳಿತದ ಮೇಲಿನ ಜನರ ದೂರು ವಿಚಾರಿಸುವ ಅಧಿಕಾರಿ) ಕಚೇರಿ ಲೆಕ್ಕ ಹಾಕಿದಾಗ ಅಂಥ ಶಾಲೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ರೋಮಾ ಮಕ್ಕಳಿದ್ದರು. 2014ರಲ್ಲಿ ಐರೋಪ್ಯ ಒಕ್ಕೂಟದ ಆಡಳಿತ ನಡೆಸುವ ಐರೋಪ್ಯ ಆಯೋಗ ಜೆಕ್ ಸರ್ಕಾರದ ವಿರುದ್ಧ ಕಾನೂನು ಕ್ರಮ ಶುರು ಮಾಡಿತು. 2016ರ ಸೆಪ್ಟೆಂಬರ್‌ನಿಂದ ಜೆಕ್ ಕಾನೂನು ಮತ್ತೆ ಬದಲಾಗಿ, ಕಲಿಕೆಯಲ್ಲಿ ಹಿಂದಿರುವ ಮಗುವಿಗೆ ಮಾಮೂಲಿ ಶಾಲೆಯಲ್ಲೇ ಸಹಾಯಕ ಶಿಕ್ಷಕರ ನೆರವು ಕೊಡುವುದು ಹಕ್ಕಾಯಿತು. ಅಲ್ಲಿಂದೀಚೆಗೆ ಶಿಕ್ಷಣ ಇಲಾಖೆಯೇ ಶಾಲೆಗಳಿಂದ ರೋಮಾ ಮಕ್ಕಳ ಅಂದಾಜು ಸಂಖ್ಯೆ ತರಿಸಿಕೊಳ್ಳುತ್ತದೆ. ತೀರ್ಪಿನ ಜಾರಿಯ ಮೇಲೆ ಕಣ್ಣಿಡುವ ಸ್ಟ್ರಾಸ್‌ಬರ್ಗಿನ ಸಚಿವರ ಸಮಿತಿ ಕೇಳುವುದೂ ಆ ಸಂಖ್ಯೆಗಳನ್ನೇ.